ಚಳಿಗಾಲದ ಜಲಪಾತ, ಹಳೆಯ ಮ್ಯಾನುವಲ್ ಲೆನ್ಸ್: ಚಿತ್ರ ಕೆಟ್ಟಾಗ ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಹೆಪ್ಪುಗಟ್ಟಿದ ಜಲಪಾತದ ಎದುರು ಹಳೆಯ ಲೆನ್ಸ್‌ನಲ್ಲಿ ತೆಗೆದ ಚಿತ್ರ ಮಸುಕಾಗಿ ಬಂದರೆ ಮೊದಲ ಅನುಮಾನ ಲೆನ್ಸಿನ ಮೇಲೆಯೇ ಬೀಳುತ್ತದೆ. ಹೆಚ್ಚಿನ ಸಲ ಅದು ತಪ್ಪು ಅನುಮಾನ. ಟ್ರೈಪಾಡ್ ಅಲುಗಿರುತ್ತದೆ, ಫಿಲ್ಟರ್ ಮೇಲೆ ತುಂತುರು ಕೂತಿರುತ್ತದೆ, ಹಳೆಯ ಲೆನ್ಸನ್ನು ಇಂದಿನ ಕ್ಯಾಮೆರಾಕ್ಕೆ ಜೋಡಿಸುವ ಅಡಾಪ್ಟರ್ ಬಳೆ ಕೂದಲೆಳೆಯಷ್ಟು ಹೆಚ್ಚು ದಪ್ಪವಾಗಿರುತ್ತದೆ, ಇಲ್ಲವೇ ಚಳಿಗೆ ಒಳಗಿನ ಗ್ರೀಸ್ ಗಟ್ಟಿಯಾಗಿರುತ್ತದೆ. ಇವೆಲ್ಲ ಪರದೆಯ ಮೇಲೆ ಒಂದೇ ಥರ ಕಾಣುವುದರಿಂದ ಊಹೆಯ ಮೇಲೆ ಒಂದೊಂದನ್ನೇ ಬದಲಿಸುತ್ತಾ ಹೋದರೆ ಬೆಳಕೂ ಬ್ಯಾಟರಿಯೂ ಮುಗಿಯುತ್ತವೆ. ಮೊದಲು ದೋಷ ಯಾವ ಗುಂಪಿನದು ಎಂದು ಬೇರ್ಪಡಿಸಿಕೊಳ್ಳಿ.

ಮೊದಲು ಮೂರು ಫ್ರೇಮ್

ಟ್ರೈಪಾಡ್ ಕದಲಿಸದೆ, ಫೋಕಸ್ ಮುಟ್ಟದೆ, ಅಪರ್ಚರ್ (ಬೆಳಕು ಬಿಡುವ ರಂಧ್ರ, ಎಫ್ ಸಂಖ್ಯೆ ಹೆಚ್ಚಾದಷ್ಟೂ ಕಿರಿದು) ಎಫ್/8ರಲ್ಲಿಯೇ ಇಟ್ಟು ಮೂರು ಚಿತ್ರ ತೆಗೆಯಬೇಕು. ಅದಕ್ಕೂ ಮುಂಚೆ ಟಾರ್ಚ್ ಹಿಡಿದು ಮುಂಭಾಗದ ಗಾಜನ್ನು ಓರೆಯಾಗಿ ನೋಡಿ, ಹನಿಯಿದ್ದರೆ ತೆಗೆಯಿರಿ. ಕೆಳಗಿನ ಲೆಕ್ಕ ಮೋಡ ಕವಿದ ಹಗಲಿನದು. ಅಂಥ ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್/8ಕ್ಕೆ ಸುಮಾರು 1/60 ಸೆಕೆಂಡ್ ಬರುತ್ತದೆ.

ಒಂದನೆಯದು: ಫಿಲ್ಟರ್ ಇಲ್ಲದೆ, ಐಎಸ್‌ಒ 400, 1/250 ಸೆಕೆಂಡ್.
ಎರಡನೆಯದು: ಎನ್‌ಡಿ64 (ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಕಪ್ಪು ಫಿಲ್ಟರ್) ಹಾಕಿ, ಐಎಸ್‌ಒ 3200, 1/30 ಸೆಕೆಂಡ್.
ಮೂರನೆಯದು: ಅದೇ ಫಿಲ್ಟರ್, ಐಎಸ್‌ಒ 100, 1 ಸೆಕೆಂಡ್.

ಮೂರನ್ನೂ ಪೂರ್ತಿ ಹಿಗ್ಗಿಸಿ, ನೀರನ್ನು ಬಿಟ್ಟು ಪಕ್ಕದ ಬಂಡೆಯ ಅಂಚನ್ನು ನೋಡಿ. ಮೊದಲನೆಯದೇ ಮಸುಕಾಗಿದ್ದರೆ ಕಾರಣ ಫೋಕಸ್, ಅಡಾಪ್ಟರ್ ಅಥವಾ ಲೆನ್ಸ್. ಮೊದಲನೆಯದು ಚೂಪಾಗಿದ್ದು ಎರಡನೆಯದು ಕೆಟ್ಟಿದ್ದರೆ ಫಿಲ್ಟರ್. ಮೊದಲೆರಡೂ ಚೆನ್ನಾಗಿದ್ದು ಮೂರನೆಯದು ಮಾತ್ರ ಹಾಳಾಗಿದ್ದರೆ ಅಲುಗಾಟ, ಇಲ್ಲವೇ ಆ ಒಂದು ಸೆಕೆಂಡಿನಲ್ಲಿ ಗಾಜಿನ ಮೇಲೆ ಬಿದ್ದ ತುಂತುರು. ಎರಡನೆಯ ಚಿತ್ರದಲ್ಲಿ ಕಾಳುಕಾಳು ನಾಯ್ಸ್ ಹೆಚ್ಚಿರುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅಂಚು ಚೂಪಾಗಿದೆಯೇ ಎಂಬುದಷ್ಟೇ ಮುಖ್ಯ.

ಮೂರು ನಿಮಿಷದ ಈ ಕೆಲಸ ಬಿಟ್ಟು ನೇರ ಲೆನ್ಸ್ ಬಿಚ್ಚಲು ಹೊರಡುವುದು ಬೇಡ. ತುಂತುರು ಹಾರುವ ಜಾಗದಲ್ಲಿ ಲೆನ್ಸ್ ಕಳಚಿದರೆ ನೀರು ಸೆನ್ಸರ್‌ವರೆಗೂ ಹೋಗುತ್ತದೆ.

ಶಟರ್ ಬೀಳುತ್ತಲೇ ಇಲ್ಲ

ಹಳೆಯ ಲೆನ್ಸ್‌ಗೆ ಎಲೆಕ್ಟ್ರಾನಿಕ್ ಸಂಪರ್ಕ ಇಲ್ಲ. ಹಾಗಾಗಿ ಲೆನ್ಸೇ ಇಲ್ಲ ಎಂದು ಭಾವಿಸಿ ಅನೇಕ ಕ್ಯಾಮೆರಾಗಳು ಕ್ಲಿಕ್ಕಿಸಲು ಒಪ್ಪುವುದಿಲ್ಲ. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ಕ್ಯಾಮೆರಾ ಬಾಡಿಯಲ್ಲಿ ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಇದ್ದರೆ ಲೆನ್ಸಿನ ಫೋಕಲ್ ಲೆಂಗ್ತ್ ಅನ್ನು ಕೈಯಿಂದಲೇ ನಮೂದಿಸಬೇಕು. ಟ್ರೈಪಾಡ್ ಮೇಲೆ ಅದನ್ನು ಆಫ್ ಮಾಡಿಬಿಡುವುದೇ ಒಳ್ಳೆಯದು.

ಕ್ಯಾಮೆರಾ ಪೂರ್ತಿ ಸತ್ತಂತಿದ್ದರೆ ಬ್ಯಾಟರಿ ನೋಡಿ. ಶೂನ್ಯ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ವೋಲ್ಟೇಜ್ ಕುಸಿಯುತ್ತದೆ, ಚಾರ್ಜ್ ಇದ್ದರೂ ಖಾಲಿ ಎಂದು ತೋರಿಸುತ್ತದೆ. ಒಳ ಜೇಬಿನಲ್ಲಿಟ್ಟು ಬೆಚ್ಚಗಾದ ಮೇಲೆ ಅದೇ ಬ್ಯಾಟರಿ ಮತ್ತೆ ಕೆಲಸ ಮಾಡುತ್ತದೆ. ಆದ್ದರಿಂದ ಎರಡು ಇಟ್ಟುಕೊಂಡು ಅದಲುಬದಲು ಮಾಡಿ. ಕೊರೆಯುವ ಬ್ಯಾಟರಿಯನ್ನು ಹಾಗೆಯೇ ಚಾರ್ಜ್‌ಗೆ ಹಾಕಬಾರದು.

ದೂರದ ಬಂಡೆಗೆ ಫೋಕಸ್ ಕೂರುತ್ತಿಲ್ಲ

ಫೋಕಸ್ ರಿಂಗ್ ಕೊನೆಯವರೆಗೆ ತಿರುಗಿದರೂ ಜಲಪಾತ ಚೂಪಾಗದೆ ಹತ್ತಿರದ ಕಲ್ಲು ಮಾತ್ರ ಚೂಪಾದರೆ ಅಡಾಪ್ಟರ್ ದಪ್ಪ ಜಾಸ್ತಿ ಇದೆ ಎಂದರ್ಥ. ತಿರುಪಿನಂತೆ ತಿರುಗಿಸಿ ಕೂರಿಸುವ ಹಳೆಯ ಎಂ42 ಲೆನ್ಸ್ ತನ್ನ ಕೂರುವ ತಳದಿಂದ ಸೆನ್ಸರ್‌ವರೆಗೆ 45.46 ಮಿ.ಮೀ. ದೂರ ಕೇಳುತ್ತದೆ. ಸೋನಿ ಕ್ಯಾಮೆರಾಗಳ ಇ ಮೌಂಟಿನಲ್ಲಿ (ಮೌಂಟ್ ಎಂದರೆ ಲೆನ್ಸ್ ಕೂರುವ ಬಾಯಿ) ಆ ದೂರ 18 ಮಿ.ಮೀ. ಉಳಿದ 27.46 ಮಿ.ಮೀ. ಅನ್ನು ಅಡಾಪ್ಟರ್ ತುಂಬಬೇಕು. ಅಲ್ಲಿ 0.1 ಮಿ.ಮೀ. ಹೆಚ್ಚಾದರೂ 50 ಮಿ.ಮೀ. ಲೆನ್ಸ್ ಸುಮಾರು 25 ಮೀಟರ್ ಆಚೆಗೆ ಫೋಕಸ್ ಮಾಡಲಾರದು. ಫೋಕಲ್ ಲೆಂಗ್ತ್‌ನ ವರ್ಗವನ್ನು ಹೆಚ್ಚಾದ ದಪ್ಪದಿಂದ ಭಾಗಿಸಿದರೆ ಈ ದೂರ ಸಿಗುತ್ತದೆ. 35 ಮಿ.ಮೀ.ಗೆ ಅದು ಸುಮಾರು 12 ಮೀಟರ್, 28 ಮಿ.ಮೀ.ಗೆ 8 ಮೀಟರಿಗೂ ಕಡಿಮೆ. ಅದೇ ಅಡಾಪ್ಟರಿನಲ್ಲಿ 135 ಮಿ.ಮೀ. ಲೆನ್ಸ್ ಚೆನ್ನಾಗಿ ನಡೆದು ವೈಡ್ ಲೆನ್ಸ್ ಮಾತ್ರ ಕೈಕೊಡುವುದು ಇದಕ್ಕೇ. ವೈಡ್ ಲೆನ್ಸ್ ಕೆಟ್ಟಿದೆ ಎಂದು ಮಾರಿಬಿಡುವ ಮುಂಚೆ ಬೇರೊಂದು ಅಡಾಪ್ಟರ್ ಹಾಕಿ ನೋಡಿ.

ಅಡಾಪ್ಟರ್ ತೆಳುವಾಗಿದ್ದರೆ ತೊಂದರೆ ಉಲ್ಟಾ: ಅನಂತದ (ಅತಿ ದೂರದ, ∞) ಗುರುತು ತಲುಪುವ ಮೊದಲೇ ದೂರದ ಬೆಟ್ಟ ಚೂಪಾಗಿ, ಗುರುತಿಗೆ ತಂದಾಗ ಮತ್ತೆ ಮಸುಕಾಗುತ್ತದೆ. ಇದು ದೊಡ್ಡ ದೋಷವಲ್ಲ, ಅನೇಕ ಅಡಾಪ್ಟರ್‌ಗಳನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ. ರಿಂಗನ್ನು ಕೊನೆಗೆ ತಿರುಗಿಸಿ ಅನಂತ ಎಂದು ನಂಬುವುದನ್ನು ಬಿಟ್ಟರೆ ಸಾಕು.

ನಿಕಾನ್ ಎಫ್ ಮೌಂಟಿನ ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಆ ದೂರ 46.5 ಮಿ.ಮೀ., ಅಂದರೆ ಎಂ42ಗಿಂತ ಜಾಸ್ತಿ. ಗಾಜಿಲ್ಲದ ಅಡಾಪ್ಟರಿನಲ್ಲಿ 50 ಮಿ.ಮೀ. ಲೆನ್ಸ್ ಎರಡೂವರೆ ಮೀಟರ್ ಆಚೆಗೆ ಹೋಗದು. ಒಳಗೆ ಗಾಜಿರುವ ಅಡಾಪ್ಟರ್ ದೂರವನ್ನು ಕೊಡುತ್ತದೆ, ಬದಲಿಗೆ ಕಾಂಟ್ರಾಸ್ಟ್ ತಿನ್ನುತ್ತದೆ. ಜಲಪಾತಕ್ಕೆ ಈ ಜೋಡಿ ಬೇಡ.

ಅಡಾಪ್ಟರ್ ಸರಿ ಇದ್ದೂ ಫೋಕಸ್ ತಪ್ಪುತ್ತಿದ್ದರೆ, ನೀವು ಫೋಕಸ್ ಮಾಡುತ್ತಿರುವುದು ಯಾವ ಅಪರ್ಚರಿನಲ್ಲಿ ಎಂದು ನೋಡಿ. ಎಫ್/1.4, ಎಫ್/2 ತೆರವಿನ ಹಳೆಯ ಲೆನ್ಸ್‌ಗಳಲ್ಲಿ ಗಾಜಿನ ಅಂಚಿನಿಂದ ಬಂದ ಬೆಳಕು ನಡುವಿನ ಬೆಳಕು ಸೇರುವ ಜಾಗದಲ್ಲಿ ಸೇರುವುದಿಲ್ಲ. ಪೂರ್ತಿ ತೆರೆದು ಫೋಕಸ್ ಮಾಡಿ ಆಮೇಲೆ ಎಫ್/5.6ಕ್ಕೆ ಮುಚ್ಚಿದರೆ ಚೂಪಾಗಿ ಬರುವ ಸಮತಲವೇ ಹಿಂದೆ ಸರಿದಿರುತ್ತದೆ. ಚಿತ್ರ ತೆಗೆಯುವ ಅಪರ್ಚರಿನಲ್ಲಿಯೇ, ಪರದೆಯನ್ನು 10 ಪಟ್ಟು ಹಿಗ್ಗಿಸಿ, ಬಂಡೆಯ ಗೆರೆಗೆ ಫೋಕಸ್ ಮಾಡಿ. ಚೂಪಾದ ಅಂಚನ್ನು ಪರದೆಯಲ್ಲಿ ಬಣ್ಣದಿಂದ ತೋರಿಸುವ ಫೋಕಸ್ ಪೀಕಿಂಗ್ ಅನ್ನು ಇಲ್ಲಿ ನಂಬಬೇಡಿ. ನೊರೆಯ ಮಿನುಗು, ಮಂಜುಗಡ್ಡೆಯ ಹೊಳಪು ಎಲ್ಲಕ್ಕೂ ಅದು ಬಣ್ಣ ಬಳಿಯುತ್ತದೆ.

ಎಲ್ಲಿಂದ ಎಲ್ಲಿಯವರೆಗೆ ಚೂಪಾಗಿರುತ್ತದೆ ಎಂದು ತೋರಿಸುವ ಲೆನ್ಸ್ ಮೈಮೇಲಿನ ಆಳದ ಗುರುತುಗಳನ್ನು ಫಿಲ್ಮ್ ಕಾಲದ ಮುದ್ರಣದ ಗಾತ್ರಕ್ಕೆ ಲೆಕ್ಕ ಹಾಕಿದ್ದು. ಇಂದಿನ ಸೆನ್ಸರಿಗೆ ಅವು ತೀರಾ ಉದಾರ. ಎಫ್/11ರಲ್ಲಿ ತೆಗೆಯುವಾಗ ಎಫ್/5.6ರ ಗುರುತುಗಳ ನಡುವೆ ಬರುವಷ್ಟನ್ನೇ ನಂಬಿ.

ಫೋಕಸ್ ರಿಂಗ್ ಬಿಗಿಯಾಗಿದೆ

ಕೋಣೆಯಲ್ಲಿ ಬೆಣ್ಣೆಯಂತೆ ತಿರುಗುತ್ತಿದ್ದ ರಿಂಗ್ ಚಳಿಯಲ್ಲಿ ಮೊಂಡುಬೀಳುವುದು ಹಳೆಯ ಗ್ರೀಸಿನಿಂದ. ಹೆಲಿಕಾಯ್ಡ್ ಎಂಬ ಸುರುಳಿ ತಿರುಪಿನ ಒಳಗೆ ದಶಕಗಳಿಂದ ಒಣಗುತ್ತಾ ಬಂದ ಗ್ರೀಸ್ ತಂಪಿಗೆ ಇನ್ನಷ್ಟು ಗಟ್ಟಿಯಾಗುತ್ತದೆ. ಜೋರು ಮಾಡಿದರೆ ಎರಡು ಅನಾಹುತ: ಎಂ42 ಲೆನ್ಸಿನಲ್ಲಿ ರಿಂಗಿನ ಬದಲು ಇಡೀ ಲೆನ್ಸೇ ಮೌಂಟಿನಿಂದ ಸಡಿಲವಾಗಿ ತಿರುಗುತ್ತದೆ, ಇಲ್ಲವೇ ಟ್ರೈಪಾಡಿನ ತಲೆ ಜರುಗಿ ಚೌಕಟ್ಟು ಕೆಡುತ್ತದೆ. ದೂರ ತೋರಿಸುವ ಗೆರೆ ಮೇಲೆ ನೇರವಾಗಿ ನಿಂತಿದೆಯೇ ಎಂದು ಆಗಾಗ ನೋಡಿ. ಅದು ಪಕ್ಕಕ್ಕೆ ವಾಲಿದ್ದರೆ ಲೆನ್ಸ್ ಕಳಚಿಕೊಳ್ಳುತ್ತಿದೆ.

ಸ್ಥಳದಲ್ಲಿ ಮಾಡಬಹುದಾದದ್ದು ಇಷ್ಟೇ. ಒಂದು ಕೈಯಲ್ಲಿ ಅಡಾಪ್ಟರ್ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಐದಾರು ಸಲ ಓಡಾಡಿಸಿ. ಬರಬರುತ್ತಾ ಸಡಿಲವಾಗುತ್ತದೆ. ಮೈ ಮೇಲೆ ನೀರಿದ್ದರೆ ಮೊದಲು ಒರೆಸಿ. ಚಾಚಿಕೊಂಡ ಕೊಳವೆ ಒಳಗೆ ಹೋಗುವಾಗ ಆ ನೀರನ್ನೂ ಎಳೆದುಕೊಳ್ಳುತ್ತದೆ. ಕಾಯಂ ಪರಿಹಾರ ಎಂದರೆ ಬಿಚ್ಚಿ, ಹಳೆಯ ಗ್ರೀಸ್ ತೊಳೆದು, ಹಗುರವಾದ ಹೆಲಿಕಾಯ್ಡ್ ಗ್ರೀಸ್ ತೆಳ್ಳಗೆ ಹಚ್ಚುವುದು. ತಿರುಪು ಬೇರ್ಪಡುವ ಜಾಗವನ್ನು ಗುರುತು ಹಾಕಿಕೊಳ್ಳದೆ ಬಿಚ್ಚಿದರೆ ಮತ್ತೆ ಜೋಡಿಸಿದಾಗ ಅನಂತ ಸಿಗುವುದಿಲ್ಲ.

ಒಂದೇ ಸೆಟ್ಟಿಂಗ್, ಒಂದೊಂದು ಫ್ರೇಮಿಗೆ ಒಂದೊಂದು ಬೆಳಕು

ಇದು ಅಪರ್ಚರ್ ಬ್ಲೇಡುಗಳ ದೋಷ. ಕಾಲ ಕಳೆದಂತೆ ಹೆಲಿಕಾಯ್ಡ್ ಗ್ರೀಸಿನಿಂದ ಬೇರ್ಪಟ್ಟ ಎಣ್ಣೆ ಬ್ಲೇಡುಗಳಿಗೆ ಹರಿದಿರುತ್ತದೆ. ಬಹಳಷ್ಟು ಆಟೋ ಲೆನ್ಸ್‌ಗಳಲ್ಲಿ (ಶಟರ್ ಬೀಳುವಾಗ ಅಪರ್ಚರ್ ತಾನೇ ಮುಚ್ಚುವವು) ಬ್ಲೇಡನ್ನು ಮುಚ್ಚುವುದು ಒಂದು ದುರ್ಬಲ ಸ್ಪ್ರಿಂಗ್. ಎಣ್ಣೆ ಚಳಿಗೆ ಅಂಟಿನಂತಾದಾಗ ರಿಂಗ್ 8ರಲ್ಲಿದ್ದರೂ ಬ್ಲೇಡುಗಳು 4ರ ಬಳಿ ನಿಂತು, ನಿಧಾನವಾಗಿ ತೆವಳಿಕೊಂಡು ಮುಚ್ಚುತ್ತವೆ.

ಪರೀಕ್ಷೆ ಸುಲಭ. ಎಫ್/8ಕ್ಕೆ ತಿರುಗಿಸಿದ ಕೂಡಲೇ ಒಂದೇ ಶಟರ್ ವೇಗದಲ್ಲಿ ಐದು ಚಿತ್ರ ಸತತವಾಗಿ ತೆಗೆಯಿರಿ. ಮೊದಲನೆಯದು ಬೆಳ್ಳಗೆ, ಕೊನೆಯದು ಕಪ್ಪಗೆ ಇದ್ದರೆ ಬ್ಲೇಡ್ ನಿಧಾನ. ಐದೂ ಒಂದೇ ಸಮ ಬೆಳ್ಳಗಿದ್ದು, ರಿಂಗನ್ನು ಎಫ್/16ಕ್ಕೆ ಒಯ್ದರೂ ಬದಲಾಗದಿದ್ದರೆ ಬ್ಲೇಡ್ ಮುಚ್ಚುತ್ತಲೇ ಇಲ್ಲ. ಆಗ ದೋಷ ಅಡಾಪ್ಟರಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಎಂ42 ಲೆನ್ಸಿನ ಹಿಂದಿನ ಪಿನ್ನನ್ನು ಅಡಾಪ್ಟರಿನ ಒಳಅಂಚು ಒತ್ತಿ ಹಿಡಿಯಬೇಕು. ಲೆನ್ಸಿನಲ್ಲಿ ಆಟೋ–ಮ್ಯಾನುವಲ್ ಸ್ವಿಚ್ ಇದ್ದರೆ ಮ್ಯಾನುವಲ್‌ಗೆ ತಳ್ಳಿದರೂ ಆಯಿತು. ಹೀಲಿಯೋಸ್ 44ಎಂ‑4ರಲ್ಲಿ ಆ ಸ್ವಿಚ್ಚೇ ಇಲ್ಲ, ಪಿನ್ ಒತ್ತುವ ಅಡಾಪ್ಟರ್ ಇಲ್ಲದೆ ಅದು ಎಫ್/2ರಲ್ಲಿಯೇ ಉಳಿಯುತ್ತದೆ. ಕ್ಯಾನನ್ ಎಫ್‌ಡಿ ಅಡಾಪ್ಟರಿನ ಮೇಲಿನ ಬಳೆಯನ್ನು ಸರಿಯಾದ ಗುರುತಿಗೆ ತಿರುಗಿಸದಿದ್ದರೂ ಇದೇ ಗತಿ.

ಹೀಲಿಯೋಸ್ 44‑2 ಥರದ ಪ್ರಿಸೆಟ್ ಲೆನ್ಸಿನಲ್ಲಿ ಎರಡು ರಿಂಗ್ ಇವೆ: ಒಂದು ಮಿತಿ ಹಾಕುವುದು, ಇನ್ನೊಂದು ತೆರೆದು ಮುಚ್ಚುವುದು. ಕೈಗವಸು ಹಾಕಿದ ಬೆರಳು ಎರಡನೆಯ ರಿಂಗಿಗೆ ಸ್ವಲ್ಪ ತಗುಲಿದರೂ ಅಪರ್ಚರ್ ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಸರಿಯುತ್ತದೆ, ಏಕೆಂದರೆ ಅದಕ್ಕೆ ಕ್ಲಿಕ್ ಇಲ್ಲ. ಮಿತಿಯನ್ನು 8ಕ್ಕೆ ಇಟ್ಟು ಇನ್ನೊಂದನ್ನು ತಡೆ ಸಿಗುವವರೆಗೆ ತಿರುಗಿಸಿ, ಸಣ್ಣ ಟೇಪ್ ತುಂಡು ಅಂಟಿಸಿಬಿಡಿ.

ಎಣ್ಣೆ ಹತ್ತಿದ ಬ್ಲೇಡಿಗೆ ಹೊರಗಿನಿಂದ ಲೈಟರ್ ದ್ರವ ಸುರಿಯಬೇಡಿ. ಅದು ಗ್ರೀಸನ್ನು ಕರಗಿಸಿ ಗಾಜಿನ ಮೇಲೆ ಹರಡುತ್ತದೆ. ಗಾಜಿನ ಗುಂಪುಗಳನ್ನು ಬೇರೆ ತೆಗೆದಿಟ್ಟೇ ಬ್ಲೇಡ್ ತೊಳೆಯಬೇಕು. ಅಲ್ಲಿಯವರೆಗೆ ಅಪರ್ಚರನ್ನು ಮುಂಚೆಯೇ ಮುಚ್ಚಿ, ಅರ್ಧ ನಿಮಿಷ ಬಿಟ್ಟು, ಮತ್ತೆ ಮುಟ್ಟದೆ ಚಿತ್ರ ತೆಗೆಯಿರಿ.

ಮೂರನೆಯ ಫ್ರೇಮ್ ಮಾತ್ರ ಮಸುಕು

ಬಂಡೆಯ ಅಂಚು ಒಂದೇ ದಿಕ್ಕಿಗೆ ಎರಡಾಗಿ ಕಂಡರೆ ಅಲುಗಾಟ. ಎಲ್ಲ ಕಡೆಗೂ ಸಮನಾಗಿ ಹರಡಿಕೊಂಡರೆ ಫೋಕಸ್ ಅಥವಾ ತೇವ. ಈ ವ್ಯತ್ಯಾಸ ಗುರುತಿಸಲು ಕಣ್ಣು ಪಳಗಿದರೆ ಅರ್ಧ ಕೆಲಸ ಮುಗಿದಂತೆ.

ಮಂಜುಗಡ್ಡೆಯ ಮೇಲೆ ಟ್ರೈಪಾಡಿನ ರಬ್ಬರ್ ಕಾಲು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಜಾರುತ್ತದೆ. ಮೊಳೆ ಕಾಲು ಹಾಕಿ, ಇಲ್ಲವೇ ಹಿಮವನ್ನು ಕೆದಕಿ ಗಟ್ಟಿ ನೆಲ ಹುಡುಕಿ. ಹರಿಯುವ ನೀರಿನಲ್ಲಿ ಕಾಲು ಇಟ್ಟರೆ ನೀರಿನ ಹೊಡೆತ ನೇರ ಕ್ಯಾಮೆರಾಕ್ಕೆ ಬರುತ್ತದೆ. ಅನಿವಾರ್ಯವಾದರೆ ದಪ್ಪ ಭಾಗದ ಕಾಲನ್ನಷ್ಟೇ ಚಾಚಿ, ನಡುಗಂಬವನ್ನು ಪೂರ್ತಿ ಇಳಿಸಿ. ನೇತಾಡುವ ಪಟ್ಟಿಯನ್ನು ಕಳಚಿ, ಗಾಳಿಗೆ ಅದು ಹಾಯಿಯಾಗುತ್ತದೆ. ಕೈ ಮುಟ್ಟಿದ ಕಂಪನ ಅಡಗಲು 2 ಸೆಕೆಂಡ್ ಟೈಮರ್ ಹಲವು ಸಲ ಸಾಲದು, 5 ಅಥವಾ 10 ಇಡಿ. ಲೋಹದ ಮೈಯ 135 ಮಿ.ಮೀ. ಲೆನ್ಸ್ ಮುಂದೆ ಭಾರವಾಗಿ ತೂಗುವುದರಿಂದ ಅಡಾಪ್ಟರಿನಲ್ಲಿ ಕಾಲು ಇದ್ದರೆ ಅದನ್ನೇ ಟ್ರೈಪಾಡಿಗೆ ಕೂರಿಸಿ.

ಡಿಎಸ್‌ಎಲ್‌ಆರ್ ಆದರೆ ಇನ್ನೊಂದು ಮಾತು. ದೀರ್ಘ ಎಕ್ಸ್‌ಪೋಷರಿನಲ್ಲಿ ವ್ಯೂಫೈಂಡರಿನಿಂದ ಬೆಳಕು ಒಳನುಗ್ಗಿ ಚಿತ್ರದ ಮೇಲೆ ಮಂಕು ಪಟ್ಟಿ ಮೂಡಿಸಬಹುದು. ಅದನ್ನು ಮುಚ್ಚಿಡಿ.

ಗಾಜಿನ ಮೇಲೆ ಹನಿ, ಮಂಜು, ಹಿಮದ ಪದರ

ಚಿತ್ರದಲ್ಲಿ ಅಲ್ಲಲ್ಲಿ ದುಂಡನೆಯ ಮಸುಕು ಚುಕ್ಕೆ ಇದ್ದರೆ ಹನಿ, ಇಡೀ ಚಿತ್ರಕ್ಕೆ ಹಾಲುಬಿಳುಪು ಹರಡಿದ್ದರೆ ಮಂಜು. ಅಪರ್ಚರ್ ಕಿರಿದಾದಷ್ಟೂ ಹನಿಯ ಚುಕ್ಕೆ ಎದ್ದು ಕಾಣುತ್ತದೆ. ಎಫ್/4ರಲ್ಲಿ ಕಾಣದ ಹನಿ ಎಫ್/16ರಲ್ಲಿ ಚಿತ್ರ ಹಾಳು ಮಾಡುತ್ತದೆ.

ನೀರಾಗಿರುವ ಹನಿಯನ್ನು ಬ್ಲೋವರಿನಿಂದ ಊದಿ, ಉಳಿದದ್ದನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಹೀರಿಕೊಳ್ಳಿ. ಮೂರ್ನಾಲ್ಕು ಬಟ್ಟೆ ಬೇಕು, ಒದ್ದೆಯಾದ ಬಟ್ಟೆ ನೀರನ್ನು ಸವರುತ್ತದೆಯಷ್ಟೇ. ಹನಿ ಹೆಪ್ಪುಗಟ್ಟಿದ್ದರೆ ಉಜ್ಜಲೇಬಾರದು. ಹಳೆಯ ಲೆನ್ಸಿನ ಒಂದೇ ಪದರದ ಲೇಪನ ಮೃದು, ಮಂಜುಗಡ್ಡೆಯ ಹರಳಿಗೆ ಗೀರು ಬೀಳುತ್ತದೆ. ಬಾಯಿಂದ ಊದುವುದೂ ಬೇಡ, ಉಸಿರಿನ ತೇವ ತಕ್ಷಣ ಗಾಜಿನ ಮೇಲೆ ಹಿಮದ ಪದರವಾಗುತ್ತದೆ. ಸುರಕ್ಷಿತ ದಾರಿ ಎಂದರೆ ಮುಂದೆ ಸದಾ ಒಂದು ಫಿಲ್ಟರ್ ಇಟ್ಟು, ಅದು ಹೆಪ್ಪುಗಟ್ಟಿದಾಗ ಕಳಚಿ ಬೇರೆ ಹಾಕುವುದು. ಎರಡು ಎಕ್ಸ್‌ಪೋಷರುಗಳ ನಡುವೆ ಲೆನ್ಸಿಗೆ ಟೋಪಿ ಮುಚ್ಚಿ, ಶಟರ್ ಬೀಳುವ ಕ್ಷಣಕ್ಕೆ ತೆಗೆಯಿರಿ.

ಒರೆಸಿದರೂ ಹೋಗದ ಮಂಜು ಒಳಗಿನದು. ಲೆನ್ಸನ್ನು ಕೋಟಿನೊಳಗೆ ಬೆಚ್ಚಗಿಟ್ಟುಕೊಂಡು ಬಂದಾಗ ಹೀಗಾಗುತ್ತದೆ: ಮೈಯ ತೇವ ಸೇರಿದ ಗಾಳಿ ಒಳಗೆ ಸಿಕ್ಕಿಕೊಂಡು, ಲೆನ್ಸ್ ತಣ್ಣಗಾದಾಗ ಒಳಗಾಜಿನ ಮೇಲೆ ಇಳಿಯುತ್ತದೆ. ಬೆಚ್ಚಗಿನ ಗಾಜಿನ ಮೇಲೆ ಬಿದ್ದ ಹಿಮವೂ ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ. ಬ್ಯಾಟರಿ ಬೆಚ್ಚಗಿರಲಿ, ಲೆನ್ಸ್ ಹೊರಗಿನ ಚಳಿಯಲ್ಲೇ ಇರಲಿ.

ಕಾಂಟ್ರಾಸ್ಟ್ ಇಲ್ಲ, ನಡುವೆ ಬಿಳಿ ವೃತ್ತ

ಸುತ್ತ ಹಿಮ ಇದ್ದಾಗ ಚೌಕಟ್ಟಿನ ಹೊರಗಿನಿಂದಲೂ ಬೆಳಕು ಲೆನ್ಸಿಗೆ ನುಗ್ಗುತ್ತದೆ. ಒಂಟಿ ಲೇಪನದ ಗಾಜು ಅದನ್ನು ಒಳಗೊಳಗೇ ಪ್ರತಿಫಲಿಸಿ ಕಪ್ಪನ್ನೆಲ್ಲ ಬೂದಿಯಾಗಿಸುತ್ತದೆ. ಆಳವಾದ ಹುಡ್ ಹಾಕಿ. ಹುಡ್ ಇಲ್ಲದಿದ್ದರೆ ಚೌಕಟ್ಟಿಗೆ ಬಾರದಂತೆ ಕಪ್ಪು ರಟ್ಟು ಹಿಡಿದು ನೋಡಿ, ಪರದೆಯಲ್ಲೇ ವ್ಯತ್ಯಾಸ ಕಾಣುತ್ತದೆ.

ಚಿತ್ರದ ನಟ್ಟನಡುವೆ ಮಂಕಾದ ದುಂಡು ಬೆಳಕು ಇದ್ದರೆ ಅದು ಸೆನ್ಸರಿನ ಹೊಳಪು ಹಿಂದಿನ ಗಾಜಿಗೋ ಫಿಲ್ಟರಿಗೋ ತಾಗಿ ಮರಳಿ ಬಂದದ್ದು. ಸೆನ್ಸರ್ ಫಿಲ್ಮಿಗಿಂತ ಹೆಚ್ಚು ಹೊಳೆಯುತ್ತದೆ, ಹಳೆಯ ಲೆನ್ಸನ್ನು ಅದಕ್ಕಾಗಿ ರೂಪಿಸಿರಲಿಲ್ಲ. ಅಪರ್ಚರ್ 16ರಿಂದ 5.6ಕ್ಕೆ ತೆರೆದಾಗ ವೃತ್ತ ಹಿಗ್ಗಿ ಮಾಸಿದರೆ ಇದೇ ಕಾರಣ. ಫಿಲ್ಟರ್ ತೆಗೆದಾಗ ಹೋದರೆ ಫಿಲ್ಟರಿನದು. ಈ ವೃತ್ತ ಕಾಡಿದರೆ ಎಫ್/8 ದಾಟದೆ, ಬೆಳಕು ತಗ್ಗಿಸಲು ಎನ್‌ಡಿಯನ್ನೇ ನಂಬಿ. ಎಫ್/22ರಲ್ಲಿ ಹೇಗೂ ಡಿಫ್ರಾಕ್ಷನ್ (ಕಿರಿದಾದ ರಂಧ್ರದಲ್ಲಿ ಬೆಳಕು ಚದುರುವುದು) ಸೂಕ್ಷ್ಮ ವಿವರವನ್ನು ತಿಂದುಹಾಕುತ್ತದೆ.

ಬಣ್ಣ ಕೆಟ್ಟಿದೆ

ಎಲ್ಲವೂ ಹಳದಿ: ಸೂಪರ್ ಟಾಕುಮಾರ್ 50 ಮಿ.ಮೀ. ಎಫ್/1.4ರ ಏಳು ಗಾಜಿನ ಆವೃತ್ತಿಯಂತೆ ಥೋರಿಯಂ ಸೇರಿದ ಗಾಜುಳ್ಳ ಲೆನ್ಸ್ ವರ್ಷಗಳು ಕಳೆದಂತೆ ಹಳದಿಗಟ್ಟುತ್ತದೆ. ಬಿಳಿ ಕಾಗದದ ಮೇಲೆ ಇಟ್ಟು ಒಳಗೆ ನೋಡಿದರೆ ತಿಳಿಯುತ್ತದೆ. ಅತಿನೇರಳೆ ಬೆಳಕಿಗೆ ದಿನಗಟ್ಟಲೆ ಒಡ್ಡಿದರೆ ತಿಳಿಯಾಗುತ್ತದೆ.

ಒದ್ದೆ ಕಪ್ಪು ಬಂಡೆ, ಹಸಿರೆಲೆ ಕೆಂಗಂದು: ಕಳಪೆ ಎನ್‌ಡಿ ಕಾಣುವ ಬೆಳಕನ್ನು ತಡೆದು ಅವಕೆಂಪನ್ನು ಬಿಟ್ಟುಬಿಡುತ್ತದೆ. 10 ಸ್ಟಾಪಿನ ಫಿಲ್ಟರಿನಲ್ಲಿ ಇದು ಜೋರು. ಆಮೇಲೆ ಸರಿಪಡಿಸುವುದು ಕಷ್ಟ, ಫಿಲ್ಟರನ್ನೇ ಬದಲಿಸಬೇಕು.

ನೆರಳಿನ ಹಿಮ ನೀಲಿ: ಇದು ದೋಷವಲ್ಲ, ನೆರಳಿಗೆ ಬೀಳುವುದು ನೀಲಿ ಆಕಾಶದ ಬೆಳಕೇ. ಫಿಲ್ಟರ್ ಹಾಕಿಕೊಂಡೇ ಅದೇ ಬೆಳಕಿನ ಹಿಮದ ಮೇಲೆ ವೈಟ್ ಬ್ಯಾಲೆನ್ಸ್ ಹೊಂದಿಸಿದರೆ ಹೋಗುತ್ತದೆ. ಸ್ವಲ್ಪ ನೀಲಿ ಉಳಿಸಿಕೊಂಡರೆ ಚಳಿ ಚಿತ್ರದಲ್ಲಿ ಉಳಿಯುತ್ತದೆ, ಪೂರ್ತಿ ಅಳಿಸಿದ ಹಿಮ ಸುಣ್ಣದಂತೆ ಕಾಣುತ್ತದೆ.

ಹಿಮ ಬೂದಿ, ನೀರು ಬರಿಯ ಬಿಳಿ

ಮೀಟರ್ ಎದುರಿಗಿದ್ದದ್ದನ್ನೆಲ್ಲ ಮಧ್ಯಮ ಬೂದು ಎಂದುಕೊಳ್ಳುತ್ತದೆ. ಹಿಮ ತುಂಬಿದ ಚೌಕಟ್ಟಿಗೆ 1ರಿಂದ 1⅔ ಸ್ಟಾಪ್ ಹೆಚ್ಚು ಕೊಡಿ, ಆದರೆ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಬಲ ಗೋಡೆಗೆ ತಾಗದಂತೆ ನೋಡಿ. ಪರದೆಯ ಹೊಳಪನ್ನು ನಂಬಬೇಡಿ, ಹಿಮದ ನಡುವೆ ಅದು ಯಾವಾಗಲೂ ಕತ್ತಲೆಯಾಗಿಯೇ ತೋರುತ್ತದೆ.

ಶಟರ್ ವೇಗದಲ್ಲಿ ಮಳೆಗಾಲದ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಚಳಿಗಾಲದಲ್ಲಿ ಧಾರೆ ಸಣ್ಣದು, ಸುತ್ತ ಮಂಜುಗಡ್ಡೆ ಬಿಳಿ. 4 ಸೆಕೆಂಡ್ ತೆರೆದಿಟ್ಟರೆ ನೀರು ಎಳೆ ಕಳೆದುಕೊಂಡು ಮಂಜುಗಡ್ಡೆಯಲ್ಲಿ ಕರಗಿಹೋಗುತ್ತದೆ, ಯಾವುದು ಹರಿಯುತ್ತಿದೆ, ಯಾವುದು ನಿಂತಿದೆ ಎಂದೇ ತಿಳಿಯದು. 1/8ರಿಂದ 1/2 ಸೆಕೆಂಡ್ ನಡುವೆ ಎಳೆ ಉಳಿಯುತ್ತದೆ. ಮೊದಲೇ ಹೇಳಿದ ಬೆಳಕಿನಲ್ಲಿ ಎಫ್/11, ಐಎಸ್‌ಒ 100, ಎನ್‌ಡಿ8 ಹಾಕಿದರೆ 1/4 ಸೆಕೆಂಡ್ ಸಿಗುತ್ತದೆ. ಎನ್‌ಡಿ1000 ಈ ಕೆಲಸಕ್ಕೆ ಬೇಡವೇ ಬೇಡ.

ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್ ತಿನ್ನುತ್ತದೆ, ಒದ್ದೆ ಬಂಡೆಯ ಹೊಳಪನ್ನು ತೆಗೆಯುತ್ತದೆ. ಪೂರ್ತಿ ತಿರುಗಿಸಿದರೆ ಮಂಜುಗಡ್ಡೆಯ ಮಿಂಚೂ ಹೋಗಿ ಅದು ಪ್ಲಾಸ್ಟಿಕ್‌ನಂತಾಗುತ್ತದೆ, ಅರ್ಧಕ್ಕೆ ನಿಲ್ಲಿಸಿ. ಫೋಕಸ್ ಮಾಡುವಾಗ ಮುಂಭಾಗವೇ ತಿರುಗುವ ಲೆನ್ಸಾದರೆ ಮೊದಲು ಫೋಕಸ್, ಆಮೇಲೆ ಪೋಲರೈಸರ್. ಮೂಲೆಗಳು ಕಪ್ಪಾದರೆ ಫಿಲ್ಟರ್ ಮೇಲೆ ಫಿಲ್ಟರ್ ಏರಿಸಿದ್ದೇ ಕಾರಣ. 49 ಮಿ.ಮೀ. ತಿರುಪಿನ ಲೆನ್ಸಿಗೆ ಅಗಲ ಹೆಚ್ಚಿಸುವ ಸ್ಟೆಪ್‌ಅಪ್ ರಿಂಗ್ ಹಾಕಿ 58 ಅಥವಾ 67 ಮಿ.ಮೀ. ಫಿಲ್ಟರ್ ಬಳಸಿ.

ಒಳಗೆ ಬಂದ ಮೇಲೆ

ತಣ್ಣಗಿನ ಲೆನ್ಸನ್ನು ಬೆಚ್ಚಗಿನ ಕೋಣೆಯಲ್ಲಿ ಹೊರತೆಗೆದರೆ ಒಳಗೂ ಹೊರಗೂ ನೀರು ಇಳಿಯುತ್ತದೆ. ಹೊರಗೇ ಮೈ ಒರೆಸಿ, ಕಾರ್ಡ್ ಮತ್ತು ಬ್ಯಾಟರಿ ತೆಗೆದುಕೊಂಡು, ಕ್ಯಾಮೆರಾ ಸಮೇತ ಗಾಳಿಯಾಡದ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ. ಒಂದೆರಡು ಗಂಟೆ ಬಿಟ್ಟು, ಚೀಲದ ಹೊರಮೈ ಒಣಗಿ ಕೋಣೆಯಷ್ಟೇ ಬೆಚ್ಚಗಾದ ಮೇಲೆ ತೆರೆಯಿರಿ. ಹೀಟರ್ ಮುಂದೆ ಇಡಬೇಡಿ. ಹಠಾತ್ ಶಾಖಕ್ಕೆ ಜೋಡುಗಾಜಿನ ನಡುವಿನ ಬಾಲ್ಸಮ್ ಅಂಟು ಬಿಡಬಹುದು, ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಶುರುವಾಗಿದೆ ಎಂದರ್ಥ.

ಆಮೇಲೆ ಎರಡು ದಿನ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ಎರಡು ವಾರ ಕಳೆದು ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಿ. ಸಮನಾದ ಮಂಕು ಕಂಡರೆ ಎಣ್ಣೆಯ ಹೊಗೆ, ಬಳ್ಳಿಯಂತೆ ಕವಲೊಡೆದ ಎಳೆ ಕಂಡರೆ ಬೂಷ್ಟು. ಬೂಷ್ಟು ಕಂಡ ಲೆನ್ಸನ್ನು ಆ ದಿನವೇ ಉಳಿದವುಗಳಿಂದ ಬೇರೆ ಇಟ್ಟು ಶುಚಿಗೆ ಕೊಡಿ. ಲೇಪನವನ್ನು ಕೊರೆದ ಮೇಲೆ ಬೂಷ್ಟು ತೆಗೆದರೂ ಗಾಜಿನ ಮೇಲೆ ಅದರ ಕಲೆ ಉಳಿಯುತ್ತದೆ.